ಚೌಕಟ್ಟಿನ ಬಲಗಿವಿ

ನಾನು ಅಂಜುಬುರುಕ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸಲೀಸು. ಹೆಚ್ಚುಕಡಿಮೆ ನಲವತ್ತು ವರ್ಷ ರಾಯಚೂರು, ದೇವದುರ್ಗ, ಮಾನ್ವಿ ಕಡೆಯ ಮನೆಗಳಲ್ಲಿ ಹಳೆಯ ಕಿಟಕಿ ತೆಗೆದು ಹೊಸದು ಕೂಡಿಸುವ ಕೆಲಸ ಮಾಡಿದೆ. ನನ್ನ ಹೆಸರು ಭೀಮರಾಯ. "ಹೆಸರು ಭೀಮ, ಎದಿ ಗುಬ್ಬಿದು" ಎಂದು ನಾನು ಕೆಲಸಕ್ಕಿದ್ದ ಅಂಗಡಿಯವರು ನಗುತ್ತಿದ್ದರು. ನಗಲಿ ಬಿಡಿ, ಸುಳ್ಳೇನೂ ಅಲ್ಲವಲ್ಲ. ಈಗ ಮೊಣಕಾಲು ಏಣಿ ಹತ್ತಲು ಒಪ್ಪುವುದಿಲ್ಲ. ಎರಡು ವರ್ಷದಿಂದ ಮನೆಯಲ್ಲಿದ್ದೇನೆ. ಆದರೂ ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಕಿಟಕಿಯ ಮೇಲಿನ ಗೋಡೆಗೆ ಹೋಗುತ್ತದೆ, ಆಮೇಲೆ ಅದರ ಕೆಳಗೆ ಯಾರು ಕೂತಿದ್ದಾರೆ ಎಂದು ನೋಡುತ್ತದೆ. ಬೀಗರ ಮನೆಯಲ್ಲಿ ಒಮ್ಮೆ ಕಿಟಕಿಯ ಕೆಳಗಿನ ಕುರ್ಚಿ ಕೊಟ್ಟರು. ಮಾತು ಮುಗಿಯುವವರೆಗೂ ನಿಂತೇ ಚಹಾ ಕುಡಿದೆ. ಹೆಂಡತಿ ದಾರಿಯುದ್ದಕ್ಕೂ ಬೈದಳು.

ಈಚೆಗೆ ಐಟಿಐ ಮುಗಿಸಿದ ಹುಡುಗರು, ಹುಡುಗಿಯರೂ ಈ ಕೆಲಸಕ್ಕೆ ಬರುತ್ತಿದ್ದಾರೆ. ಗೋಡೆಗೆ ಕೆಂಪು ಚುಕ್ಕೆ ಬಿಟ್ಟು ಕಣ್ಣು ಮಿಟುಕಿಸುವಷ್ಟರಲ್ಲಿ ಅಳತೆ ತೆಗೆಯುವ ಯಂತ್ರ ಅವರ ಕೈಯಲ್ಲಿದೆ. ಒಳ್ಳೆಯದು. ಆದರೆ ಆಗಾಗ ಫೋನ್ ಮಾಡಿ ಕೇಳುತ್ತಾರೆ, "ಅಂಕಲ್, ಹಳೇ ಚೌಕಟ್ ಪೂರಾ ಕೀಳಬೇಕೋ, ಅದರೊಳಗ ಹೊಸಾದು ಕೂಡಸಬೇಕೋ? ಫೋಟೋ ಕಳಸೀನಿ, ನೋಡಿ ಹೇಳ್ರಿ." ಫೋಟೋ ನೋಡಿದರೆ ಬಣ್ಣ ಕಾಣುತ್ತದೆ, ಗೋಡೆ ಕಾಣುವುದಿಲ್ಲ. ನಾನು ಏನು ಹೇಳಲಿ? ಅದಕ್ಕೇ ಇದನ್ನು ಬರೆಯಲು ಕೂತೆ.

ದಾರಿ ಇರುವುದು ಎರಡೇ. ಒಂದು, ಹಳೆಯ ಕಿಟಕಿಯನ್ನು ಚೌಕಟ್ಟಿನ ಸಮೇತ ಗೋಡೆಯಿಂದ ಕಿತ್ತು, ಗೋಡೆಯ ಅಂಚು ಸರಿಮಾಡಿ, ಹೊಸದನ್ನು ನೇರ ಗೋಡೆಗೇ ಕೂಡಿಸುವುದು. ಗಾಜು ದೊಡ್ಡದಾಗುತ್ತದೆ, ಬೆಳಕು ಹೆಚ್ಚು ಬರುತ್ತದೆ, ಮನೆಯವರ ಮುಖ ಅರಳುತ್ತದೆ. ಇನ್ನೊಂದು, ಕಿಟಕಿಯ ಬಾಗಿಲುಗಳನ್ನಷ್ಟೇ ಕಳಚಿ, ಹಳೆಯ ಚೌಕಟ್ಟನ್ನು ಇದ್ದಲ್ಲೇ ಬಿಟ್ಟು, ಅದರ ಹೊಟ್ಟೆಯೊಳಗೆ ಹೊಸ ಕಿಟಕಿ ಕೂಡಿಸುವುದು. ಅರ್ಧ ದಿನದ ಕೆಲಸ, ಧೂಳು ಕಡಿಮೆ, ಗಾಜು ನಾಲ್ಕು ಬೆರಳು ಸಣ್ಣದಾಗುತ್ತದೆ. ಅಂಗಡಿಯಲ್ಲಿ ಕೇಳಿದರೆ ಇಷ್ಟೇ ಹೇಳುತ್ತಾರೆ. ಈ ಎರಡೂ ದಾರಿಯಲ್ಲಿ ಮನುಷ್ಯರು ಸಾಯಬಹುದು ಎಂದು ಯಾರೂ ಹೇಳುವುದಿಲ್ಲ.

ನಮ್ಮ ಕಡೆಯ ಹಳೆಯ ಮನೆಗಳ ಗೋಡೆ ಕಲ್ಲು, ಮಣ್ಣಿನದು. ಒಂದೂವರೆ ಮೊಳ ದಪ್ಪ. ಅದರೊಳಗಿನ ಮರದ ಚೌಕಟ್ಟಿನ ಮೇಲಿನ ಅಡ್ಡಪಟ್ಟಿ ಎರಡೂ ಕಡೆ ಒಂದೊಂದು ಗೇಣು ಗೋಡೆಯೊಳಗೆ ಚಾಚಿಕೊಂಡಿರುತ್ತದೆ. ಅದಕ್ಕೆ ನಾವು ಕಿವಿ ಎನ್ನುತ್ತೇವೆ. ಕಟ್ಟಿದ ಗೌಂಡಿ ಪುಣ್ಯಾತ್ಮನಾಗಿದ್ದರೆ ಆ ಪಟ್ಟಿಯ ಮೇಲೆ ಉದ್ದನೆಯ ಹಾಸುಗಲ್ಲು ಇಟ್ಟು, ಅದರ ಎರಡೂ ತುದಿಯನ್ನು ಗೋಡೆಯ ಮೇಲೆ ಕೂಡಿಸಿರುತ್ತಾನೆ. ಆಗ ಭಾರವೆಲ್ಲ ಕಲ್ಲಿನ ಮೇಲೆ. ಚೌಕಟ್ಟು ಕಿತ್ತರೂ ಗೋಡೆ ನಿಲ್ಲುತ್ತದೆ. ಕಲ್ಲಿಲ್ಲದಿದ್ದರೆ ಮೇಲಿನ ಅಷ್ಟೂ ಗೋಡೆಯನ್ನು ಹೊತ್ತು ನಿಂತಿರುವುದು ಆ ಮರ, ಆ ಎರಡು ಕಿವಿ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಮೇಲೆ ಸುಣ್ಣ, ಸುಣ್ಣದ ಮೇಲೆ ಬಣ್ಣ.

ಇದನ್ನು ನನಗೆ ಕಲಿಸಿದವರು ಖಾಸಿಂ ಸಾಬ್ ಉಸ್ತಾದರು. ನಾನು ಬಾಗಲವಾಡದ ಕೂಲಿ ಮನೆತನದವನು. ರಾಯಚೂರಿಗೆ ಬಂದು ಉಸ್ತಾದರ ಕೈಕೆಳಗೆ ಸೇರಿದಾಗ ಉಳಿಯನ್ನು ಯಾವ ಕಡೆಯಿಂದ ಹಿಡಿಯಬೇಕೆಂದೂ ಗೊತ್ತಿರಲಿಲ್ಲ. ಅವರು ಯಾವ ಮನೆಗೆ ಹೋದರೂ ಮೊದಲು ಸುತ್ತಿಗೆಯ ಹಿಡಿಯಿಂದ ಕಿಟಕಿಯ ಮೇಲಿನ ಗೋಡೆಯನ್ನು ಕುಟ್ಟಿ, ಕಿವಿ ಹಚ್ಚಿ ಕೇಳುತ್ತಿದ್ದರು. ಮನೆಯವರು ಹಿಂದೆ ನಿಂತು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ನಗು ಹೋದದ್ದು ಮಾನ್ವಿಯಲ್ಲಿ. ಉಸ್ತಾದರಿಗೆ ಜ್ವರ. ಅಂಗಡಿಯ ಮಾಲಕ ಬಸಣ್ಣ ನನ್ನನ್ನು ಕರೆದು, "ಭೀಮಾ, ನೀನs ಹೋಗು. ಕಿತ್ತು ಹಾಕು. ಮನಿಯವ್ರಿಗೆ ದೊಡ್ಡ ಗಾಜು ಬೇಕಂತ" ಎಂದರು. ಮೊದಲ ಸಲ ನಾನೇ ಮುಖ್ಯಸ್ಥ. ಆ ಉಮೇದಿನಲ್ಲಿ ಗೋಡೆ ಕುಟ್ಟಿದೆನೋ ಇಲ್ಲವೋ ನೆನಪಿಲ್ಲ. ಕುಟ್ಟಿದ್ದರೂ ಕೇಳಿಸಿಕೊಂಡಿಲ್ಲ. ಕಿಟಕಿಯ ಕೆಳಗೆ ಆ ಮನೆಯ ಮುದುಕಿ ಕಾಲು ಚಾಚಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಎದ್ದು ಆ ಕಡೆ ಕೂತ್ಕೋ ಯವ್ವಾ ಎಂದು ಹೇಳುವುದು ಸಹ ನನಗೆ ಹೊಳೆಯಲಿಲ್ಲ. ಹೊರಗಿನಿಂದ ಏಣಿ ಹಚ್ಚಿ ಅಡ್ಡಪಟ್ಟಿಯನ್ನು ನಡುವೆ ಕೊಯ್ಯತೊಡಗಿದೆ.

ಒಂದು ಕೋಳಿ ಒಳಗೆ ಬಂತು. ಅಕ್ಕಿಗೆ ಬಾಯಿ ಹಾಕಿತು. ಮುದುಕಿ "ಹುಶ್" ಎನ್ನುತ್ತ ಎದ್ದು, ಅದನ್ನು ಅಟ್ಟಿಸಿಕೊಂಡು ಬಾಗಿಲವರೆಗೆ ಹೋದಳು. ಅಷ್ಟರಲ್ಲಿ ಗರಗಸ ಮರದ ಆಚೆಗೆ ಬಂತು. ದೊಡ್ಡ ಸಪ್ಪಳವೇನೂ ಆಗಲಿಲ್ಲ. ಮಣ್ಣು ಸುರ್ರನೆ ಜಾರಿತು, ಅದರ ಹಿಂದೆ ಮೂರು ಕಲ್ಲು ಬಂದವು. ಧೂಳು ಇಳಿದ ಮೇಲೆ ನೋಡಿದರೆ ಮೊರ ಇದ್ದಲ್ಲಿ ಮೊರ ಇಲ್ಲ. ಕಲ್ಲಿನ ಅಡಿಯಿಂದ ಬಿದಿರಿನ ಎರಡು ಕಡ್ಡಿ ಹೊರಗೆ ಚಾಚಿದ್ದವು.

ಮುದುಕಿ ಬಂದು ನೋಡಿ, "ಅಕ್ಕಿ ಹಾಳಾತಲ್ಲೋ ಯಪ್ಪಾ" ಎಂದಳು. ತನಗೆ ಏನಾಗುತ್ತಿತ್ತು ಎಂಬುದು ಅವಳಿಗೆ ತಿಳಿಯಲೇ ಇಲ್ಲ. ಬಗ್ಗಿ ಮಣ್ಣಿನಿಂದ ಅಕ್ಕಿ ಆಯತೊಡಗಿದಳು. ನನಗೆ ಮಾತ್ರ ತಿಳಿದಿತ್ತು. ಏಣಿ ಇಳಿಯುವಾಗ ಕಾಲು ಮೆಟ್ಟಿಲು ಹುಡುಕಿ ಹುಡುಕಿ ಸಿಗದೆ ಅರ್ಧದಿಂದ ಕೆಳಗೆ ಬಿದ್ದೆ.

ಮರುದಿನ ಉಸ್ತಾದರು ಜ್ವರದಲ್ಲೇ ಬಸ್ಸು ಹಿಡಿದು ಬಂದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಆ ಕಲ್ಲಿನ ರಾಶಿಯ ಪಕ್ಕ ನನ್ನನ್ನು ಕೂಡಿಸಿ, "ಅಂಜಿಕಿ ಬಂತೇನು?" ಎಂದರು.

"ಬಂತ್ರಿ ಉಸ್ತಾದ್."

"ಹಾಂ. ಬಂದದ್ದು ಹೋಗಂಗಿಲ್ಲ ನೋಡ್ಕೋ. ಹೋತಂದ್ರ ಕೆಲಸ ಬಿಟ್ಟು ಬಿಡು."

ಅವತ್ತೇ ಅವರು ಗಾಜಿನ ಪಟ್ಟಿ ಕಲಿಸಿದ್ದು. ಕಿಟಕಿ ಗಾಜು ಕತ್ತರಿಸಿದಾಗ ಉಳಿಯುವ ಎರಡು ಬೆರಳಗಲದ ಚೂರು ತೆಗೆದುಕೊಂಡು, ಗೋಡೆಯ ಬಿರುಕಿನ, ಇಲ್ಲವೇ ಸಂದಿನ ಮೇಲೆ ಅಡ್ಡ ಇಟ್ಟು, ಎರಡೂ ತುದಿಗೆ ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಮೆತ್ತಿ ಒಣಗಲು ಬಿಡುವುದು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ತಡೆಯುವುದಿಲ್ಲ, ಟಿಕ್ ಎಂದು ಸೀಳುತ್ತದೆ. ಕಣ್ಣಿಗೆ ಕಾಣದ್ದು ಕಿವಿಗೆ ಗೊತ್ತಾಗುತ್ತದೆ. "ಆ ಸಪ್ಪಳ ಬಂತಂದ್ರ ಹತ್ಯಾರ ನೋಡಬ್ಯಾಡ, ಮಾಲಕನ್ನ ನೋಡಬ್ಯಾಡ. ಮಂದಿನ್ನ ಹೊರಗ ಹಾಕು" ಎಂದರು.

ಅಲ್ಲಿಂದ ಮುಂದೆ ಬಹಳ ವರ್ಷ ನಾನು ಚೌಕಟ್ಟು ಕೀಳಲೇ ಇಲ್ಲ. ಯಾವ ಮನೆಗೆ ಹೋದರೂ, ಎಂಥ ಗೋಡೆ ಇದ್ದರೂ, "ಒಳಗ ಕೂಡಸೋಣ್ರಿ" ಎನ್ನುತ್ತಿದ್ದೆ. ಮನೆಯವರು ದೊಡ್ಡ ಗಾಜು ಬೇಕೆಂದರೆ ಏನಾದರೂ ನೆಪ ಹೇಳುತ್ತಿದ್ದೆ. ಅಷ್ಟರಲ್ಲಿ ಕೆಲಸದ ರೀತಿಯೂ ಬದಲಾಗಿತ್ತು. ಮರ ಹೋಗಿ ಅಲ್ಯೂಮಿನಿಯಂ ಬಂತು, ಅದರ ಹಿಂದೆ ಬಿಳಿ ಪ್ಲಾಸ್ಟಿಕ್ಕಿನ ಯುಪಿವಿಸಿ ಬಂತು. ಡಬ್ಬಿಯಿಂದ ಸುಯ್ ಎಂದು ಹೊರಬಂದು ಉಬ್ಬಿ ಕೂಡುವ ಫೋಮ್ ಬಂತು. ಸಂದಿಯಲ್ಲಿ ಬೆರಳಾಡಿಸಿ ಗಾಳಿ ಎಲ್ಲಿ ಬರುತ್ತದೆ ಎಂದು ನೋಡುವ ಕೆಲಸವೇ ಹೋಯಿತು. ಮೊದಲು "ಕಿತ್ತು ಹಾಕು" ಎನ್ನುತ್ತಿದ್ದ ಬಸಣ್ಣ ಈಗ "ಒಳಗ ತುರುಕು, ಫೋಮ್ ಹೊಡಿ, ಮುಂದಿನ ಮನಿಗೆ ನಡಿ" ಎನ್ನತೊಡಗಿದರು. ನನ್ನ ಅಂಜಿಕೆಗೂ ಅವರ ಅವಸರಕ್ಕೂ ಸರಿಹೋಯಿತು. ಇದು ಜಾಣತನ ಎಂದೇ ನಾನು ತಿಳಿದಿದ್ದೆ.

ಶಕ್ತಿನಗರದ ಹತ್ತಿರ ವಿದ್ಯುತ್ ಸ್ಥಾವರದ ಒಬ್ಬ ಟೆಕ್ನಿಷಿಯನ್ನರ ಸ್ವಂತ ಮನೆ. ಮಲಗುವ ಕೋಣೆಯ ಕಿಟಕಿ. ಹಳೆಯ ಚೌಕಟ್ಟಿಗೆ ಹಸಿರು ಬಣ್ಣ ಎಷ್ಟು ಸಲ ಬಳಿದಿದ್ದರೋ, ಮುಟ್ಟಿದರೆ ನುಣ್ಣಗೆ ಗಟ್ಟಿಯಾಗಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಎದೆಮಟ್ಟದಲ್ಲಿ ಎರಡು ಕಡೆ ಚುಚ್ಚಿ ನೋಡಿದೆ, ಇಳಿಯಲಿಲ್ಲ. ಗೆದ್ದಲು ಕೆಳಗಿನಿಂದ ಹತ್ತುತ್ತದೆ ಎಂದು ನನಗೆ ಗೊತ್ತಿತ್ತು. ಕೆಳಗಿನ ಮೂಲೆಗೆ ಅವರ ಮಂಚ ಅಡ್ಡವಿತ್ತು. ಮಂಚ ಸರಿಸಿ ಎಂದು ಹೇಳುವುದು ಯಾಕೆ ಎಂದುಕೊಂಡು ಬಿಟ್ಟೆ.

ಬೇಸಿಗೆಯ ಕೊನೆಯಲ್ಲಿ ಒಂದು ಬಿರುಗಾಳಿ ಬಂತು. ಮರುದಿನ ಅವರು ಫೋನ್ ಮಾಡಿ, "ಭೀಮರಾಯ್ರ, ಒಂದ್ಸಲ ಬಂದು ನೋಡಿ ಹೋಗ್ರಿ" ಎಂದಷ್ಟೇ ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಭಯ ತಂದಿತು. ಹೋಗಿ ನೋಡಿದೆ. ಹೊಸ ಕಿಟಕಿ, ಹಳೆಯ ಚೌಕಟ್ಟು ಎರಡೂ ಒಟ್ಟಿಗೆ ಗೋಡೆ ಬಿಟ್ಟು ಮಂಚದ ಮೇಲೆ ಬೋರಲು ಬಿದ್ದಿದ್ದವು. ಚೌಕಟ್ಟಿನ ಕೆಳಭಾಗದಲ್ಲಿ ಮರವೇ ಇರಲಿಲ್ಲ, ಬಣ್ಣದ ಸಿಪ್ಪೆ ಮಾತ್ರ ಇತ್ತು. ನನ್ನ ಸ್ಕ್ರೂಗಳು ಆ ಸಿಪ್ಪೆಯಲ್ಲಿ ಕೂತಿದ್ದವು. ತಲೆದಿಂಬಿನ ತುಂಬ ಗಾಜು.

"ನನ್ನ ಶಿಫ್ಟ್ ಬದಲಿ ಆಗಿತ್ರಿ. ಇಲ್ಲಂದ್ರ ಇಲ್ಲೇ ಮಲಗಿರ್ತಿದ್ದೆ" ಎಂದರು ಅವರು. ಆ ದಿಂಬಿನ ಗಾಜನ್ನು ನಾನೇ ಒಂದೊಂದಾಗಿ ಹೆಕ್ಕಿದೆ. ಕೈ ಕೊಯ್ದುಕೊಂಡದ್ದು ಮನೆಗೆ ಬಂದ ಮೇಲೆ ಗೊತ್ತಾಯಿತು.

ಅಂದರೆ ಕಿತ್ತರೂ ಭಯ, ಬಿಟ್ಟರೂ ಭಯ. ಅವತ್ತಿನಿಂದ ನಾನು ಎರಡನ್ನೂ ನೋಡಿಯೇ ತೀರ್ಮಾನಿಸುತ್ತಿದ್ದೆ. ಮೇಲೆ ಹಾಸುಗಲ್ಲು ಇದೆಯೋ ಇಲ್ಲವೋ ಎಂದು ಪ್ಲಾಸ್ಟರ್ ಕೆರೆದು ನೋಡುವುದು, ಕೆಳಗೆ ಮರ ಗಟ್ಟಿಯೋ ಟೊಳ್ಳೋ ಎಂದು ನೆಲಕ್ಕೆ ಕೂತು ಚುಚ್ಚುವುದು. ಕಲ್ಲಿದ್ದು ಮರ ಟೊಳ್ಳಾದರೆ ಕೀಳುವುದು. ಕಲ್ಲಿಲ್ಲದೆ ಮರ ಗಟ್ಟಿಯಿದ್ದರೆ ಒಳಗೆ ಕೂಡಿಸುವುದು. ಕಲ್ಲೂ ಇಲ್ಲ, ಮರವೂ ಇಲ್ಲ ಎಂದರೆ ಗೋಡೆಗೆ ಆಸರೆಯಾಗಿ ಕಬ್ಬಿಣದ ಜಾಕಿ ಕೊಟ್ಟು ಮೇಲಿನ ಗೋಡೆ ಇಳಿಸಿ ಹೊಸದಾಗಿ ಕಟ್ಟಿ ಎಂದು ಹೇಳಿ ಕೈಮುಗಿಯುವುದು. ಎಷ್ಟೋ ಮನೆಯವರು ನನ್ನನ್ನು ಕಳಿಸಿ ಬೇರೆಯವರನ್ನು ಕರೆಸಿಕೊಂಡರು. ಬಸಣ್ಣ ಹಲ್ಲು ಕಡಿಯುತ್ತಿದ್ದರು. ಇಷ್ಟು ಎಚ್ಚರವಿದ್ದವನು ದೇವದುರ್ಗದಲ್ಲಿ ಮಾಡಿದ್ದನ್ನು ಈಗ ಹೇಳಬೇಕು. ನಿಜವಾಗಿ ಹೇಳಬೇಕಾದ್ದು ಅದೊಂದೇ.

ದೇವದುರ್ಗದಲ್ಲಿ ಯಲ್ಲಪ್ಪ ಮಾಸ್ತರರು ಎಂದು ಒಬ್ಬರು. ಅವರ ತಂದೆ ಕೂಲಿ ಮಾಡಿ ಓದಿಸಿದ್ದರು, ಇವರು ಹೆಡ್ ಮಾಸ್ತರರಾಗಿದ್ದರು. ಮಗಳು ಸುಜಾತ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಬಾಣಂತಿ ಕೋಣೆಯ ಕಿಟಕಿ ಸಂದಿ ಬಿಟ್ಟಿದೆ, ಗಾಳಿ ನುಗ್ಗುತ್ತದೆ, ಹೆರಿಗೆಗೆ ಮೊದಲೇ ಬದಲಿಸಿ ಕೊಡಿ ಎಂದು ಅಂಗಡಿಗೆ ಬಂದು ಹೇಳಿಹೋಗಿದ್ದರು. ಹೇಳಿದ ದಿನಕ್ಕೆ ಕಿಟಕಿ ಸಿದ್ಧವಾಗಲಿಲ್ಲ. ಹೆರಿಗೆ ಮಾತ್ರ ಎಣಿಸಿದ ದಿನಕ್ಕೆ ಮೊದಲೇ ಆಯಿತು. ನಾನು, ನನ್ನ ಜೊತೆ ಕೆಲಸಗಾರ ಮೌಲಾ ಹೊಸ ಕಿಟಕಿ ಹೊತ್ತು ಹೋದಾಗ ಬಾಣಂತಿ ಆಸ್ಪತ್ರೆಯಿಂದ ಬಂದು ಅದೇ ಕೋಣೆಯಲ್ಲಿ ಮಲಗಿದ್ದಳು. ಕೂಸಿಗೆ ಐದು ದಿನ.

ಕೋಣೆಯಲ್ಲಿ ಲೋಬಾನದ ಹೊಗೆ, ಓಂಕಾಳಿನ ವಾಸನೆ. ಕಿಟಕಿಯ ಬಲಗಡೆಯ ಅಂಚಿನಿಂದ ಎದುರು ಗೋಡೆಗೆ ಹಗ್ಗ ಕಟ್ಟಿ, ಹಳೆಯ ಇಳಕಲ್ ಸೀರೆಯನ್ನು ಪರದೆ ಬಿಟ್ಟಿದ್ದರು. ಆಚೆ ಮೂಲೆಯಲ್ಲಿ ಬಾಣಂತಿಯ ಮಂಚ. ಗಾಳಿ ತಾಗದ ಮೂಲೆ ಅದೊಂದೇ ಎಂದು ಮಂಚದ ತಲೆಭಾಗವನ್ನು ಕಿಟಕಿಯ ಗೋಡೆಗೇ ಒತ್ತಿ ಹಾಕಿದ್ದರು. ಹೊಸ್ತಿಲಲ್ಲಿ ಮಾಸ್ತರರ ತಾಯಿ ಹುಲಿಗೆವ್ವ ಕೂತಿದ್ದಳು. ಆ ಕೋಣೆಗೆ ಆಕೆಯೇ ಕಾವಲು.

ನಾನು ಹೆದರುತ್ತಲೇ ಕೇಳಿದೆ, "ಯವ್ವಾ, ಬಾಣಂತಿನ್ನ ಒಂದು ತಾಸು ಪಡಸಾಲಿಗೆ ಕರಕೊಂಡು ಬರ್ತೀರೇನ್ರಿ?"

"ಏನಂದಿ?" ಎಂದಳು ಹುಲಿಗೆವ್ವ. "ಐದು ದಿನದ ಬಾಣಂತಿನ್ನ ಗಾಳ್ಯಾಗ ಹೊರಗ ತರತಾರೇನು? ನಿನ್ನ ಕಿಡಕಿ ಸಲುವಾಗಿ ನನ್ನ ಮೊಮ್ಮಗಳಿಗೆ ಸನ್ನಿ ಹಿಡೀಬೇಕೇನು? ಪರದಿ ಹಾಕೀವಿ. ನಿನ್ನ ಪಾಡಿಗೆ ನೀನು ಮಾಡು, ಆ ಕಡೆ ನೋಡಬ್ಯಾಡ."

ಮಾಸ್ತರರು ಪಡಸಾಲೆಯಿಂದ, "ನಮ್ಮವ್ವ ಒಪ್ಪಂಗಿಲ್ಲ ಭೀಮಣ್ಣಾರ. ನೀವು ಜಲ್ದಿ ಮುಗಸ್ರಿ" ಎಂದರು. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಮನುಷ್ಯ ತಾಯಿಯ ಮುಂದೆ ಮಾತಾಡಲಿಲ್ಲ. ಅವರನ್ನು ದೂರುವುದಿಲ್ಲ, ನಾನೂ ಮಾತಾಡಲಿಲ್ಲವಲ್ಲ.

ನೆಲಕ್ಕೆ ಕೂತು ಚೌಕಟ್ಟು ಚುಚ್ಚಿದೆ. ಸ್ಕ್ರೂಡ್ರೈವರ್ ಹಿಡಿಯವರೆಗೆ ಇಳಿಯಿತು. ಚೌಕಟ್ಟಿನ ಎರಡು ನಿಲುಗಂಬಗಳೂ ಟೊಳ್ಳು, ಒಳಗೆ ಕೂಡಿಸುವ ಮಾತೇ ಇಲ್ಲ. ಮೇಲಿನ ಪ್ಲಾಸ್ಟರನ್ನು ನಡುವೆ ಕೆರೆದೆ. ಹಾಸುಗಲ್ಲು ಕಂಡಿತು, ಅಂಗೈ ದಪ್ಪ, ಒಂದು ಬಿರುಕೂ ಇಲ್ಲ. ಎಡತುದಿ ಕೆರೆದೆ. ಕಲ್ಲು ಗೋಡೆಯೊಳಗೆ ಒಂದು ಗೇಣು ಚೆನ್ನಾಗಿ ಕೂತಿತ್ತು. ಬಲಕ್ಕೆ ಕಲ್ಲು ಗೋಡೆಯ ಮೇಲೆ ಕೂರಬೇಕಾದ ಜಾಗ ಪರದೆಯ ಆಚೆಗೆ. ಹೊರಗಿನಿಂದ ನೋಡೋಣವೆಂದರೆ ಆ ಕಡೆಗೆ ಪಕ್ಕದ ಮನೆಯವರ ಗೋಡೆ ಬಂದು ಒತ್ತಿಕೊಂಡಿತ್ತು. ಪರದೆ ಸರಿಸಿ ಎಂದು ಕೇಳಬೇಕು. ಆಚೆ ಕೂಸು ಹಾಲು ಕುಡಿಯುವ ಸದ್ದು ಕೇಳುತ್ತಿತ್ತು. ಹುಲಿಗೆವ್ವನ ಕಣ್ಣು ನನ್ನ ಬೆನ್ನಿನ ಮೇಲಿತ್ತು. ನನಗೆ ನಾಚಿಕೆಯಾಯಿತು. ನಡುವೆ ಇದೆ, ಎಡಕ್ಕೆ ಇದೆ, ಬಲಕ್ಕೆ ಇರದೆ ಎಲ್ಲಿ ಹೋದೀತು ಎಂದುಕೊಂಡೆ.

ಆದರೂ ಎದೆ ಒಪ್ಪಲಿಲ್ಲ. ನಡುವೆ, ಕಲ್ಲೂ ಮೇಲಿನ ಗೋಡೆಯೂ ಕೂಡುವ ಸಂದಿನ ಮೇಲೆ, ಒಂದು ಗಾಜಿನ ಪಟ್ಟಿ ಮೆತ್ತಿದೆ. ಕಿಟಕಿಯ ಆಚೆ ಏಣಿಯ ಮೇಲಿದ್ದ ಮೌಲಾ ನಕ್ಕ. "ಭೀಮಣ್ಣ, ಮ್ಯಾಲ ಅಷ್ಟು ದೊಡ್ಡ ಕಲ್ಲು ಅದ. ಇನ್ನೂ ಅಂಜಾಕತ್ತಿಯಲ್ಲೋ! ಜಾಕಿ ಬ್ಯಾರೆ ಹಾಕ್ತೀಯೇನು?" ಜಾಕಿ ಹಾಕಲು ಮನಸ್ಸಿತ್ತು. ಅದರ ಕಾಲು ಊರಲು ಪರದೆಯ ಆಚೆ ಜಾಗ ಬೇಕಿತ್ತು. "ಬ್ಯಾಡ ಬಿಡು" ಎಂದೆ. ಅವನ ನಗುವಿಗೆ ನಾನೂ ಸ್ವಲ್ಪ ನಕ್ಕೆ. ನಲವತ್ತು ವರ್ಷದಲ್ಲಿ ನಾನು ಧೈರ್ಯವಂತನಂತೆ ನಟಿಸಿದ್ದು ಅದೊಂದೇ ದಿನ.

ಕಿಟಕಿಯ ಬಾಗಿಲು ಕಳಚಿದೆವು. ಬಲಗಂಬ ಕೈಗೇ ಪುಡಿಯಾಗಿ ಬಂತು, ಹೊರಗಿಟ್ಟೆವು. ಇನ್ನು ಮೇಲಿನ ಅಡ್ಡಪಟ್ಟಿ. ಅದನ್ನು ಬಲಮೂಲೆಯಲ್ಲಿ, ಕಿವಿ ಗೋಡೆಯೊಳಗೆ ಹೋಗುವ ಜಾಗದಲ್ಲಿ ಕೊಯ್ಯತೊಡಗಿದೆ. ಸೀರೆಯ ಪರದೆ ನನ್ನ ಭುಜಕ್ಕೆ ತಾಗುತ್ತಿತ್ತು. ಗರಗಸ ಒಂದು ಬೆರಳು ಇಳಿದಿರಬೇಕು. ಪರದೆಯ ಆಚೆಯಿಂದ ಸುಜಾತಳ ದನಿ ಕೇಳಿತು.

"ಅಜ್ಜೀ, ತಲಿ ಮ್ಯಾಲ ಮಣ್ಣು ಉದರಾಕತ್ತದ."

"ಇಲಿ ಇರಬೇಕು, ಸುಮ್ಕ ಮಲಕೋ" ಎಂದಳು ಹುಲಿಗೆವ್ವ.

ನಾನು ಕೇಳಿಸಿಕೊಂಡೆ. ಇದನ್ನು ಯಾರಿಗೂ ಹೇಳಿರಲಿಲ್ಲ, ಈಗ ಬರೆಯುತ್ತಿದ್ದೇನೆ. ಕೇಳಿಸಿಕೊಂಡ ಮೇಲೂ ಮೂರು ಸಲ ಗರಗಸ ಎಳೆದೆ. ಮೌಲಾ ನೋಡುತ್ತಿದ್ದಾನೆ ಎಂದು ಎಳೆದೆ. ಇಲಿಯೇ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡು ಎಳೆದೆ. ಮೂರನೆಯದಕ್ಕೆ ತಲೆಯ ಮೇಲೆ ಟಿಕ್ ಎಂದಿತು.

ಸಣ್ಣ ಸದ್ದು. ಬಳೆ ಒಡೆದಷ್ಟು. ಹುಲಿಗೆವ್ವನಿಗೆ ಕೇಳಲಿಲ್ಲ, ಮೌಲಾನಿಗೂ ಕೇಳಲಿಲ್ಲ. ನನ್ನ ಬೆನ್ನಹುರಿಯ ತುದಿಯವರೆಗೆ ಕೇಳಿತು. ಗರಗಸವನ್ನು ಮರದಲ್ಲೇ ಬಿಟ್ಟೆ. ಆಮೇಲೆ ಮಾಡಿದ್ದನ್ನು ಯೋಚಿಸಿ ಮಾಡಲಿಲ್ಲ. ಸೀರೆಯನ್ನು ಎಳೆದು ಹಾಕಿ ಆಚೆ ನುಗ್ಗಿದೆ. ಬಾಣಂತಿ ಸೆರಗು ಎಳೆದುಕೊಳ್ಳುತ್ತ ಚೀರಿದಳು. ಆಕೆಯ ಮಗ್ಗುಲಿಂದ ಕೂಸನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, "ಏಳವ್ವಾ ಏಳು, ಹೊರಗ ನಡಿ, ಗೋಡಿ!" ಎಂದು ಅರಚಿದೆ. ಪುಣ್ಯಕ್ಕೆ ಆ ಹುಡುಗಿ ವಾದಿಸಲಿಲ್ಲ. ಬರಿಗಾಲಲ್ಲಿ ನನ್ನ ಹಿಂದೆ ಓಡಿದಳು. ಹೊಸ್ತಿಲಲ್ಲಿ ಹುಲಿಗೆವ್ವ ಅಡ್ಡ ನಿಂತಿದ್ದಳು. ಆಕೆಯನ್ನು ಭುಜದಿಂದ ತಳ್ಳಿದೆ. ಅಂಗಳಕ್ಕೆ ಬಂದು ನಿಂತಾಗ ಕೂಸು ನನ್ನ ಕೈಯಲ್ಲಿ ಅಳುತ್ತಿತ್ತು. ನನ್ನ ಕೈ ಎಷ್ಟು ನಡುಗುತ್ತಿತ್ತೆಂದರೆ ಅದರ ಅಳುವೂ ನಡುಗುತ್ತಿತ್ತು.

ಎಲ್ಲರೂ ಕೋಣೆಯ ಕಡೆ ನೋಡುತ್ತ ನಿಂತೆವು. ಏನೂ ಆಗಲಿಲ್ಲ. ಗೋಡೆ ಬೀಳಲಿಲ್ಲ. ಒಂದು ಕಲ್ಲೂ ಬೀಳಲಿಲ್ಲ.

ಹುಲಿಗೆವ್ವ ಕೂಸನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಅವತ್ತು ಆಕೆ ಬೈದದ್ದನ್ನು ಬರೆಯುವುದಿಲ್ಲ. ಪರಗಂಡಸು ಬಾಣಂತಿಯ ಪರದೆಯೊಳಗೆ ನುಗ್ಗಿದ, ಹಸಿಗೂಸನ್ನು ಮುಟ್ಟಿದ, ಬಿಸಿಲಿಗೆ ತಂದ, ಮುದುಕಿಯನ್ನು ತಳ್ಳಿದ. ಇದರಲ್ಲಿ ಸುಳ್ಳು ಯಾವುದಿತ್ತು? ಓಣಿಯ ಮಂದಿ ಕೂಡಿದರು. "ಎಲ್ಲಿ ಬಿತ್ತೋ ಗ್ವಾಡಿ? ತೋರಸೋ!" ಎಂದು ಆಕೆ ನನ್ನ ಅಂಗಿ ಹಿಡಿದು ಜಗ್ಗಿದಳು. ಮೌಲಾ ತಲೆ ತಗ್ಗಿಸಿ ನಿಂತಿದ್ದ. ಮಾಸ್ತರರು ನನ್ನ ಮುಖ ನೋಡಲಿಲ್ಲ. ಫೋನಿನಲ್ಲಿ ಬಸಣ್ಣ, "ನಿನ್ನ ಅಂಜಿಕಿಗೆ ನನ್ನ ಅಂಗಡಿ ಮುಚ್ಚತೀಯಲ್ಲೋ ಭೀಮಾ" ಎಂದರು. ನನಗೂ ಅನುಮಾನ ಬಂತು. ಲೋಬಾನದ ಕೆಂಡದ ಬಿಸಿಗೆ ಗಾಜು ಸೀಳಿತೋ ಏನೋ. ಹಾಗಾಗಿದ್ದರೆ ನಾನು ಮಾಡಿದ ಅವಮಾನಕ್ಕೆ ಕ್ಷಮೆಯೇ ಇಲ್ಲ.

ಆಗ ಮಾತಾಡಿದ್ದು ಸುಜಾತ. ಅಂಗಳದ ಕಟ್ಟೆಗೆ ಒರಗಿ, ಶಾಲು ಹೊದ್ದು ಕೂತಿದ್ದಳು. "ನಾ ಆ ಕ್ವಾಣಿಗೆ ಹೋಗಂಗಿಲ್ಲ" ಎಂದಳು. "ಎರಡು ದಿನ ಆತು ಮಣ್ಣು ಉದರಾಕತ್ತಿ. ಹೇಳಿದ್ರ ಯಾರೂ ಕೇಳವಲ್ರಿ. ಗ್ವಾಡಿ ಬಿಚ್ಚಿ ನೋಡ್ರಿ ಅಪ್ಪಾ. ಏನೂ ಇಲ್ಲಂದ್ರ ನಾನs ಅವ್ರಿಗೆ ಬೈತೀನಿ."

ಮಂಚ ಸರಿಸಿ, ಜಾಕಿ ತಂದು ಅಡ್ಡಪಟ್ಟಿಯ ಕೆಳಗೆ ಎರಡು ಕಡೆ ಕೊಟ್ಟೆವು. ಆ ಮಂಚ ಇದ್ದ ಜಾಗದಲ್ಲಿ ನಿಂತು ಜಾಕಿ ತಿರುಗಿಸುವಾಗ ಕುತ್ತಿಗೆ ತಾನಾಗಿ ಒಳಗೆ ಸೇರಿಕೊಳ್ಳುತ್ತಿತ್ತು. ಮರುದಿನ ಬೆಳಿಗ್ಗೆ ಒಬ್ಬ ಗೌಂಡಿಯನ್ನು ಕರೆಸಿ, ಮೇಲಿನಿಂದ ಒಂದೊಂದೇ ಕಲ್ಲು ಇಳಿಸಿದೆವು. ಹಾಸುಗಲ್ಲಿನವರೆಗೆ ಬಂದಾಗ ಗೌಂಡಿ ಕೈ ನಿಲ್ಲಿಸಿದ. "ಯಾರು ಕಟ್ಟ್ಯಾರೋ ಇದನ್ನ" ಎಂದ.

ಕಲ್ಲು ಗಿಡ್ಡ. ಎಡಕ್ಕೆ ಗೋಡೆಯೊಳಗೆ ಒಂದು ಗೇಣು ಹೋಗಿತ್ತು. ಬಲಕ್ಕೆ ಗೋಡೆ ಮುಟ್ಟಲು ನಾಲ್ಕು ಬೆರಳು ಕಡಿಮೆ. ಕಟ್ಟಿದವನಿಗೆ ಉದ್ದನೆಯ ಕಲ್ಲು ಸಿಕ್ಕಿರಲಿಕ್ಕಿಲ್ಲ. ಆ ತುದಿಯನ್ನು ಮರದ ಪಟ್ಟಿಯ ಮೇಲೆ ಕೂಡಿಸಿ, ಮಣ್ಣು ಮೆತ್ತಿ, ಸುಣ್ಣ ಬಳಿದು ಹೋಗಿದ್ದ. ಆ ಕಲ್ಲು, ಅದರ ಮೇಲಿನ ಗೋಡೆ, ಎಲ್ಲ ನಿಂತದ್ದು ಆ ಬಲಗಿವಿಯ ಮೇಲೆ. ಮರ ಐದು ಬೆರಳು ದಪ್ಪವಿತ್ತು. ನನ್ನ ಗರಗಸದ ಗೆರೆ ಎರಡು ಬೆರಳು ಇಳಿದಿತ್ತು. ಗೆರೆಯ ತುದಿಯಿಂದ ಮರ ಆಗಲೇ ಸೀಳತೊಡಗಿತ್ತು. ಅದರ ಕೆಳಗೆ, ಒಂದು ಮೊಳವೂ ದೂರವಿಲ್ಲದೆ, ಮಂಚದ ತಲೆಭಾಗ ಇದ್ದ ಜಾಗ.

ಮಾಸ್ತರರು ಆ ಗೆರೆಯಲ್ಲಿ ಬೆರಳಿಟ್ಟು ನೋಡಿದರು. ಹುಲಿಗೆವ್ವ ಬಾಗಿಲಿಗೆ ಬಂದು, ಕಲ್ಲನ್ನು ನೋಡಿ, ಮಂಚ ಇದ್ದ ಜಾಗವನ್ನು ನೋಡಿ, ಒಳಗೆ ಹೋದಳು. ನನ್ನನ್ನು ಹೊಗಳುವವರೇನೂ ಇರಲಿಲ್ಲ, ಇರಬಾರದು ಕೂಡ. ಕೊಯ್ದವನೂ ನಾನೇ ಅಲ್ಲವೇ? ಆ ಬಲತುದಿಯನ್ನು ಕೆರೆದು ನೋಡಲು ಎರಡು ನಿಮಿಷ ಸಾಕಿತ್ತು. ಪರದೆ ಸರಿಸ್ರಿ ಎಂಬ ಎರಡು ಮಾತು ಸಾಕಿತ್ತು. ಮಾನ್ವಿಯಲ್ಲಿ ಮುದುಕಿಯನ್ನು ಏಳು ಅನ್ನಲಿಲ್ಲ, ಶಕ್ತಿನಗರದಲ್ಲಿ ಮಂಚ ಸರಿಸಿ ಅನ್ನಲಿಲ್ಲ, ಇಲ್ಲಿ ಪರದೆ. ಪ್ರತಿ ಸಲವೂ ನೋಡಲು ಸುಲಭವಾದ ಜಾಗವನ್ನು ನೋಡಿ, ಮನುಷ್ಯರಿಗೆ ಹೇಳಲು ಮುಜುಗರವಾದ ಜಾಗವನ್ನು ಬಿಟ್ಟೆ. ಕೀಳಬೇಕೋ ಕೂಡಿಸಬೇಕೋ ಎಂದು ಕೇಳುವ ಮಕ್ಕಳೇ, ನಿಮ್ಮ ಪ್ರಶ್ನೆಗೆ ನನಗೆ ಗೊತ್ತಿರುವ ಉತ್ತರ ಇಷ್ಟೇ. ಯಾವ ತುದಿಯನ್ನು ನೋಡಲು ನಾಚಿಕೆಯಾಗುತ್ತದೋ ಆ ತುದಿಯನ್ನು ಮೊದಲು ನೋಡಿ. ನೋಡಲು ಬಿಡದಿದ್ದರೆ ಹತ್ಯಾರ ಚೀಲಕ್ಕೆ ಹಾಕಿಕೊಂಡು ಬಸ್ಸು ಹಿಡಿಯಿರಿ.

ಗೋಡೆ ಹೊಸದಾಗಿ ಎದ್ದಿತು. ಮೇಲೆ ಕಾಂಕ್ರೀಟಿನ ಪಟ್ಟಿ ಬಂತು. ಅದು ಗಟ್ಟಿಯಾಗಲು ಬಿಟ್ಟು, ತಿಂಗಳ ಮೇಲೆ ಕಿಟಕಿ ಕೂಡಿಸಲು ಹೋದೆ. ಹೋಗಲು ಮನಸ್ಸಿರಲಿಲ್ಲ. ಬೇರೆಯವರನ್ನು ಕಳಿಸಿ ಎಂದು ಬಸಣ್ಣನಿಗೆ ಹೇಳಿದ್ದೆ. ಮಾಸ್ತರರು ನಾನೇ ಬರಬೇಕು ಎಂದರಂತೆ. ಕೂಸನ್ನು ಆಗಲೇ ತೊಟ್ಟಿಲಿಗೆ ಹಾಕಿದ್ದರು. ಸುಜಾತ ಅಡುಗೆಮನೆಯ ಬಾಗಿಲಲ್ಲಿ ನಿಂತು ನಕ್ಕಳು. ನಾನು ಎರಡೂ ತುದಿ ನೋಡಿದೆ, ಮತ್ತೆ ನೋಡಿದೆ. ಹೊಸ ಗೋಡೆ ಎಂದು ಗೊತ್ತಿದ್ದೂ ಗಾಜಿನ ಪಟ್ಟಿ ಮೆತ್ತಿದೆ. ಮೌಲಾ ಈ ಸಲ ನಗಲಿಲ್ಲ. ಪಿಒಪಿ ಅವನೇ ಕಲಸಿ ಕೊಟ್ಟ.

ಕೆಲಸ ಮುಗಿಸಿ ಕೈ ತೊಳೆಯುತ್ತಿದ್ದೆ. ಹುಲಿಗೆವ್ವ ಕೂಸನ್ನು ಎತ್ತಿಕೊಂಡು ಬಂದು ನನ್ನ ಮುಂದೆ ನಿಂತಳು. ಅವತ್ತಿನಿಂದ ಆಕೆ ನನ್ನ ಜೊತೆ ಮಾತಾಡಿರಲಿಲ್ಲ. ಮತ್ತೆ ಬೈಗುಳ ಎಂದುಕೊಂಡೆ. ಆಕೆ ಕೂಸನ್ನು ಮುಂದೆ ಚಾಚಿದಳು.

"ತಗೋ, ಹಿಡಿ" ಎಂದಳು.

ನನ್ನ ಕೈ ನೋಡಿಕೊಂಡೆ. ಆ ಮನೆಯ ಹೊಸ್ತಿಲು ದಾಟಿದಾಗಿನಿಂದಲೂ ಅವು ಸುಮ್ಮನಿರಲಿಲ್ಲ. "ಬ್ಯಾಡ ಯವ್ವಾ, ಕೈ ನಡುಗಾಕತ್ತಾವ. ಅಂಜಿಕಿ ಬರ್ತದ" ಎಂದೆ.

"ಅವತ್ತೂ ನಡುಗಾಕತ್ತಿದ್ವು" ಎಂದಳು ಹುಲಿಗೆವ್ವ. "ಹಿಡಿ."